‘ಫೈಟ್ ಜಾಸ್ತಿ’ ಅಂದವರಿಗೆ ಫೈಟ್ ಕಡಿಮೆ ಮಾಡಿಕೊಟ್ಟರೆ ಏನಾಗುತ್ತದೆ?

ಹಳೇ ಶೈಲಿಯ ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಆಡುವ ವಿಡಿಯೋ ಗೇಮ್) ಮಾಡುವ ಸಣ್ಣ ತಂಡಗಳು ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಡೆಮೊ ಹೊರಗೆ ಬಿಟ್ಟ ಮೇಲೆ. ಆಟದ ಲೆಕ್ಕ ಕೂಡಿಸುವುದು ನನ್ನ ಕೆಲಸ. ಶತ್ರುವಿಗೆ ಎಷ್ಟು ಎಚ್‌ಪಿ (ಪೆಟ್ಟು ತಾಳುವ ಶಕ್ತಿ), ಗೆದ್ದರೆ ಎಷ್ಟು ಎಕ್ಸ್‌ಪಿ (ಲೆವೆಲ್ ಏರಲು ಬೇಕಾದ ಅನುಭವದ ಅಂಕ), ಅಂಗಡಿಯಲ್ಲಿ ಕತ್ತಿಗೆ ಎಷ್ಟು ದುಡ್ಡು, ಇಂಥವು. ಬರುವವರ ಕೈಯಲ್ಲಿ ಆಟಗಾರರ ಅಭಿಪ್ರಾಯಗಳ ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಮಾತು ಇದ್ದೇ ಇರುತ್ತದೆ: ‘ರ‍್ಯಾಂಡಮ್ ಫೈಟ್ ಜಾಸ್ತಿ, ಬರೀ ಗ್ರೈಂಡಿಂಗ್.’ ಅಂದರೆ ನಡೆಯುವಾಗ ಇದ್ದಕ್ಕಿದ್ದಂತೆ ಎದುರಾಗುವ ಫೈಟ್ ಜಾಸ್ತಿ, ಲೆವೆಲ್ ಏರಿಸಲು ಮಾಡಿದ್ದನ್ನೇ ಮಾಡುತ್ತಿರಬೇಕು ಅಂತ. ನಾನು ಅದನ್ನು ಓದಿ ಮುಗಿಸುವಷ್ಟರಲ್ಲಿ ತಂಡದವರು ಖುಷಿಯಿಂದ ಹೇಳುತ್ತಾರೆ, ‘ಮೇಡಂ, ಅದನ್ನ ಆಗಲೇ ಸರಿ ಮಾಡಿದ್ವಿ. ಎನ್‌ಕೌಂಟರ್ ರೇಟ್ ಅರ್ಧಕ್ಕೆ ಇಳಿಸಿದ್ವಿ.’

ಅಂದರೆ ಫೈಟ್ ಎದುರಾಗುವ ಪ್ರಮಾಣವನ್ನೇ ಅರ್ಧ ಮಾಡಿದರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅಂತ ಒಂದು ಗುಹೆಯ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಗುಹೆಗೆ ಕಾಲಿಡುವಾಗ ಆಟಗಾರರ ಪಾರ್ಟಿ (ಜೊತೆಯಾಗಿ ಹೋಗುವ ಪಾತ್ರಗಳ ಗುಂಪು) ಲೆವೆಲ್ 6ರಲ್ಲಿದೆ ಅಂದುಕೊಳ್ಳಿ. ಕೊನೆಯ ಕೋಣೆಯಲ್ಲಿ ಬಾಸ್, ಅಂದರೆ ಗುಹೆಯ ದೊಡ್ಡ ಶತ್ರು, ಇದ್ದಾನೆ. ಅವನನ್ನು ಲೆವೆಲ್ 8ರ ಪಾರ್ಟಿಗೆ ಅಂತ ಕೂಡಿಸಿದ್ದೀರಿ. 6ರಿಂದ 8ಕ್ಕೆ ಹೋಗಲು 600 ಎಕ್ಸ್‌ಪಿ ಬೇಕು. ದಾರಿಯಲ್ಲಿ ಸುಮಾರು 20 ಫೈಟ್, ಒಂದೊಂದಕ್ಕೆ 30 ಎಕ್ಸ್‌ಪಿ. ಲೆಕ್ಕ ಸರಿಹೋಯಿತು. ಈಗ ರೇಟ್ ಅರ್ಧ ಮಾಡಿದಿರಿ. ಫೈಟ್ 10, ಎಕ್ಸ್‌ಪಿ 300. ಆಟಗಾರ ಬಾಸ್ ಬಾಗಿಲಿಗೆ ಬಂದಾಗ ಲೆವೆಲ್ 7 ಆಗಿದ್ದರೆ ಹೆಚ್ಚು. ಹೋಗಿ ಸೋಲುತ್ತಾನೆ. ಇನ್ನೊಮ್ಮೆ ಸೋಲುತ್ತಾನೆ. ಆಮೇಲೆ? ಬಾಗಿಲ ಮುಂದೆಯೇ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಓಡಾಡುತ್ತಾ ಫೈಟ್ ಬರಲಿ ಅಂತ ಕಾಯುತ್ತಾನೆ.

ಇಲ್ಲಿ ಗಮನಿಸಿ. ಒಟ್ಟು ಫೈಟ್ ಈಗಲೂ 20. ಮೊದಲು ಆ ಇಪ್ಪತ್ತೂ ದಾರಿ ಹುಡುಕುವಾಗ, ಪೆಟ್ಟಿಗೆ ತೆರೆಯುವಾಗ, ‘ಈ ಮೂಲೆಯಲ್ಲಿ ಏನಿದೆ’ ಅಂತ ಇಣುಕುವಾಗ ಬರುತ್ತಿದ್ದವು. ಈಗ ಅದರಲ್ಲಿ ಹತ್ತು, ನೋಡಲು ಏನೂ ಉಳಿಯದ ಜಾಗದಲ್ಲಿ ಬರುತ್ತವೆ. ನಿಜವಾದ ಗ್ರೈಂಡಿಂಗ್ ಅಂದರೆ ಇದು. ಮೊದಲು ಇದು ನಿಮ್ಮ ಆಟದಲ್ಲಿ ಇರಲಿಲ್ಲ. ನೀವೇ ತಂದು ಹಾಕಿದಿರಿ. ಜೊತೆಗೆ ಶತ್ರುಗಳಿಂದ ಸಿಗುತ್ತಿದ್ದ ದುಡ್ಡೂ ಅರ್ಧವಾಯಿತು, ಹಾಗಾಗಿ ಔಷಧಿ ಬಾಟಲಿಗೂ ಪರದಾಟ. ಮುಂದಿನ ಕಂತಿನ ರಿವ್ಯೂ ಬರುತ್ತದೆ: ‘ಅಪ್‌ಡೇಟ್ ಆದ ಮೇಲೆ ಗ್ರೈಂಡಿಂಗ್ ಇನ್ನೂ ಜಾಸ್ತಿ.’ ತಂಡದವರಿಗೆ ತಲೆಬುಡ ಅರ್ಥವಾಗುವುದಿಲ್ಲ. ‘ಕಡಿಮೆ ಮಾಡಿದ್ದೀವಲ್ಲ ಮೇಡಂ, ಇವರಿಗೆ ಏನು ಬೇಕಂತೆ?’ ಅಂತ ಆಟಗಾರರ ಮೇಲೆಯೇ ಸಿಟ್ಟಾಗುತ್ತಾರೆ.

ಆಟಗಾರರು ಸುಳ್ಳು ಹೇಳಿಲ್ಲ. ಬೇಸರ ಆಯಿತು ಅಂದರೆ ಆಗಿದೆ, ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಆದರೆ ಬೇಸರ ಎಲ್ಲಿಂದ ಹುಟ್ಟಿತು ಅನ್ನುವುದನ್ನು ಅವರು ಊಹಿಸಿ ಹೇಳುತ್ತಾರೆ. ಕಣ್ಣಿಗೆ ಮೊದಲು ಬೀಳುವುದು ಫೈಟಿನ ಸಂಖ್ಯೆ, ಅದನ್ನೇ ಹೇಳುತ್ತಾರೆ. ಒಳಗಿನ ಲೆಕ್ಕ ಅವರಿಗೆ ಕಾಣುವುದಿಲ್ಲ. ಅದು ಕಾಣುವುದು ನಿಮಗೆ. ಹುಡುಕುವ ಕೆಲಸವೂ ನಿಮ್ಮದೇ.

ಈ ರ‍್ಯಾಂಡಮ್ ಫೈಟ್ ಹೇಗೆ ಬಂತು ಅಂತ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. 1981ರ ‘ವಿಜಾರ್ಡ್ರಿ’ ಆಪಲ್ 2 ಕಂಪ್ಯೂಟರಿನ ಆಟ. ಅದರಲ್ಲಿ ನೆಲಮಾಳಿಗೆಗೆ ಇಳಿದರೆ ಪ್ರತಿ ಫೈಟೂ ಒಂದೇ ಪ್ರಶ್ನೆ ಕೇಳುತ್ತದೆ: ಇನ್ನೂ ಮುಂದೆ ಹೋಗುತ್ತೀಯಾ, ಇಲ್ಲ ಮೇಲಕ್ಕೆ ವಾಪಸ್ ಹೋಗುತ್ತೀಯಾ? ಉಳಿದಿರುವ ಮಂತ್ರ ಎಷ್ಟು, ವಾಪಸ್ ದಾರಿಯಲ್ಲಿ ಎಷ್ಟು ಫೈಟ್ ಬರಬಹುದು ಅಂತ ಎಣಿಸುತ್ತಲೇ ಇರಬೇಕು. ಅಲ್ಲಿ ಫೈಟ್ ಕಡಿಮೆ ಮಾಡಿದರೆ ಆಟವೇ ಉಳಿಯುವುದಿಲ್ಲ. ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ 2024ರಲ್ಲಿ ಇದರ ಹೊಸ ರೂಪ ಬಿಡುಗಡೆ ಮಾಡಿದಾಗ ಚಿತ್ರವನ್ನೆಲ್ಲ ಹೊಸದು ಮಾಡಿತು. ಆದರೆ ಅಡಿಯಲ್ಲಿ ಓಡುವುದು ಹಳೇ ಆಟವೇ. ಹಳೇ ಆಪಲ್ ಪರದೆಯನ್ನು ಮೂಲೆಯಲ್ಲಿ ಪುಟ್ಟದಾಗಿ ತೋರಿಸುವ ವ್ಯವಸ್ಥೆಯೂ ಇದೆ. ಅದನ್ನು ಒಮ್ಮೆ ಆಡಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಬಂದಿದ್ದು 1986ರ ‘ಡ್ರ್ಯಾಗನ್ ಕ್ವೆಸ್ಟ್’. ಅದನ್ನು ರೂಪಿಸಿದ ಯೂಜಿ ಹೋರಿಯಿ ಅವರಿಗೆ ‘ವಿಜಾರ್ಡ್ರಿ’, ‘ಅಲ್ಟಿಮಾ’ ಎರಡೂ ಪ್ರೇರಣೆ. ಆದರೆ ಅವರ ಹತ್ತಿರ ಇದ್ದಿದ್ದು ಫ್ಯಾಮಿಕಾಮ್ (ನಿಂಟೆಂಡೊದ ಟಿವಿ ಗೇಮ್ ಯಂತ್ರ) ಕಾರ್ಟ್ರಿಜ್‌ನ 64 ಕಿಲೋಬೈಟ್ ಜಾಗ. ವಾಟ್ಸಾಪಿನಲ್ಲಿ ನಾವು ಕಳಿಸುವ ಒಂದು ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಜಪಾನಿ ಲಿಪಿಯ ಕಟಕಾನಾ ಅಕ್ಷರಗಳಲ್ಲಿ ಬೇಕಾದ ಕೆಲವನ್ನು ಮಾತ್ರ ಇಟ್ಟುಕೊಂಡರು. ನಾಯಕ ಎತ್ತ ನಡೆದರೂ ಅವನ ಮುಖ ನಮ್ಮ ಕಡೆಗೇ. ಪಕ್ಕದವರ ಜೊತೆ ಮಾತಾಡಬೇಕಾದರೆ ಯಾವ ದಿಕ್ಕು ಅಂತ ಮೆನುವಿನಲ್ಲಿ ಆರಿಸಬೇಕಿತ್ತು. ಅಷ್ಟು ಸಣ್ಣ ಜಾಗದಲ್ಲಿ ದೊಡ್ಡ ಪಯಣ ಮಾಡಿದ ಅನುಭವ ಕೊಟ್ಟಿದ್ದು ದಾರಿಯಲ್ಲಿ ಎದುರಾಗುವ ಫೈಟುಗಳೇ. ಇವತ್ತು ನಿಮಗೆ ಜಾಗದ ಕೊರತೆ ಇಲ್ಲ. ಹಾಗಾದರೆ ನಿಮ್ಮ ಆಟದಲ್ಲಿ ಫೈಟ್ ಏನು ಕೆಲಸ ಮಾಡುತ್ತಿದೆ? ಇದಕ್ಕೆ ಉತ್ತರ ಗೊತ್ತಿಲ್ಲದೆ ಅದರ ಸಂಖ್ಯೆಯನ್ನು ಮುಟ್ಟಲೇಬಾರದು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮುಗಳಲ್ಲಿ ಮಾರಿಯೋ, ಕಾಂಟ್ರಾ ಇದ್ದವು. ಆರ್‌ಪಿಜಿ ಕಾಣಸಿಗುತ್ತಿರಲಿಲ್ಲ. ನಾನು ಭೇಟಿಯಾಗುವ ಹುಡುಗ ಹುಡುಗಿಯರಲ್ಲಿ ಬಹುತೇಕರ ಮೊದಲ ಆರ್‌ಪಿಜಿ ಅಂದರೆ ಎಮ್ಯುಲೇಟರಿನಲ್ಲಿ (ಗೇಮ್ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಆಡಿದ ಪೋಕೆಮಾನ್, ಅದರಲ್ಲೂ 2004ರ ‘ಫೈರ್‌ರೆಡ್’ ಅಥವಾ ‘ಎಮರಾಲ್ಡ್’. ಅಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದರೆ ಆಟ ಹಲವು ಪಟ್ಟು ವೇಗವಾಗಿ ಓಡುತ್ತಿತ್ತು. ಝೂಬ್ಯಾಟ್ ಅನ್ನುವ ಬಾವಲಿ ಎದುರು ಬಂದರೆ ಸ್ಪೇಸ್ ಬಾರ್, ಗೆದ್ದರೆ ಸ್ಪೇಸ್ ಬಾರ್. ಹಾಗಾಗಿ ‘ಹಳೇ ಆಟದಲ್ಲಿ ಇಷ್ಟೊಂದು ಫೈಟ್ ಇದ್ದರೂ ಬೇಜಾರೇ ಆಗ್ತಿರಲಿಲ್ಲ’ ಅನ್ನುವ ನೆನಪು ಅವರಲ್ಲಿ ಗಟ್ಟಿಯಾಗಿದೆ. ಗೇಮ್‌ಬಾಯ್ ಕೈಯಲ್ಲಿ ಹಿಡಿದು ಅದರ ನಿಜವಾದ ವೇಗದಲ್ಲಿ ಆಡಿದವರು ಕಡಿಮೆ. ಅದೇ ನೆನಪಿನ ಮೇಲೆ ಆಟ ಕಟ್ಟುತ್ತಾರೆ. ಅವರ ಆಟದಲ್ಲಿ ಸ್ಪೇಸ್ ಬಾರ್ ಸೌಲಭ್ಯ ಇರುವುದಿಲ್ಲ.

ಒಂದು ಪ್ಲೇಟೆಸ್ಟ್, ಅಂದರೆ ಬೇರೆಯವರಿಗೆ ಆಟ ಆಡಿಸಿ ನೋಡಿದ್ದರ ಬಗ್ಗೆ ಹೇಳಬೇಕು. ಹುಬ್ಬಳ್ಳಿ ಕಡೆಯ ಇಬ್ಬರು ಅಣ್ಣತಮ್ಮಂದಿರ ಆಟ. ಚಿತ್ರ ಚೆಂದ, ಹಾಡು ಇನ್ನೂ ಚೆಂದ. ಟೆಸ್ಟಿಗೆ ಕೂತಿದ್ದವಳು ಇಂಜಿನಿಯರಿಂಗ್ ಓದುವ ಹುಡುಗಿ. ಕೊನೆಗೆ ಹಾಳೆಯಲ್ಲಿ ಬರೆದಳು, ‘ಫೈಟ್ ತುಂಬಾ ಜಾಸ್ತಿ.’ ನಾನು ಪರದೆ ನೋಡುತ್ತಿರಲಿಲ್ಲ, ಅವಳ ಎಡಗೈ ನೋಡುತ್ತಿದ್ದೆ. ಮೇಜಿನ ಮೇಲೆ ಅವಳ ಮೊಬೈಲ್ ಇತ್ತು. ಕೈ ಮೊಬೈಲಿಗೆ ಹೋಗುತ್ತಿದ್ದಿದ್ದು ಫೈಟ್ ನಡುವೆ ಅಲ್ಲ. ಪರದೆ ಸುತ್ತಿ ಸುತ್ತಿ ಫೈಟ್ ಶುರುವಾಗುವಾಗ ಒಮ್ಮೆ. ‘ಅವನು ಹೊಡೆದ’, ‘ಇಷ್ಟು ಪೆಟ್ಟು ಬಿತ್ತು’ ಅನ್ನುವ ಸಾಲುಗಳು ಒಂದೊಂದಾಗಿ ಬರುವಾಗ ಇನ್ನೊಮ್ಮೆ. ಗೆದ್ದ ಮೇಲೆ ಪಾರ್ಟಿಯ ನಾಲ್ಕೂ ಪಾತ್ರಗಳು ಕುಣಿಯುವಾಗ ಮತ್ತೊಮ್ಮೆ. ಆದರೆ ಒಂದು ಜಾತಿಯ ಅಣಬೆ ಶತ್ರು ಇತ್ತು. ಅದು ಹೊಗೆ ಬಿಟ್ಟರೆ ಮಂತ್ರ ಹಾಕಲು ಆಗುವುದಿಲ್ಲ, ಮೊದಲು ಯಾರನ್ನು ಕಾಪಾಡಬೇಕು ಅಂತ ಯೋಚಿಸಬೇಕು. ಅಣಬೆ ಬಂದಾಗ ಅವಳು ಮೊಬೈಲ್ ಮುಟ್ಟಲೇ ಇಲ್ಲ. ತುಟಿ ಕಚ್ಚಿ ಪರದೆಗೆ ಬಗ್ಗಿ ಕೂತಳು.

ರೆಕಾರ್ಡಿಂಗ್ ಹಾಕಿ ಅಳೆದೆವು. ಒಂದು ಫೈಟಿಗೆ ಸುಮಾರು 40 ಸೆಕೆಂಡ್. ಪರದೆ ಸುತ್ತುವುದಕ್ಕೆ 4, ಸಾಲುಗಳಿಗೆ 14, ಕುಣಿತಕ್ಕೆ 8. ಅಂದರೆ 26 ಸೆಕೆಂಡ್ ಆಕೆ ಸುಮ್ನೆ ಕಾಯುತ್ತಿದ್ದಳು. 20 ಫೈಟಿಗೆ 520 ಸೆಕೆಂಡ್, ಹೆಚ್ಚುಕಡಿಮೆ ಒಂಬತ್ತು ನಿಮಿಷದ ಕಾಯುವಿಕೆ. ಆ ಅಣ್ಣತಮ್ಮಂದಿರಲ್ಲಿ ಚಿಕ್ಕವನು ಆ ಕುಣಿತವನ್ನು ಒಂದೊಂದು ಫ್ರೇಮ್ ಕೂತು ಬಿಡಿಸಿದ್ದ. ತೆಗೆಯಬೇಕು ಅಂದಾಗ ಅವನ ಮುಖ ಚಿಕ್ಕದಾಯಿತು. ತೆಗೆಯಲಿಲ್ಲ. ಬಾಸ್ ಗೆದ್ದಾಗ ಮಾತ್ರ ಪೂರ್ತಿ ಕುಣಿಯಲಿ, ಉಳಿದ ಕಡೆ ಬಟನ್ ಒತ್ತಿದರೆ ಮುಗಿಯಲಿ ಅಂತ ಮಾಡಿದೆವು. ಸಾಲುಗಳನ್ನು ವೇಗ ಮಾಡಿದೆವು, ಪರದೆ ಸುತ್ತುವುದನ್ನು ಮೊಟಕು ಮಾಡಿದೆವು. ಎನ್‌ಕೌಂಟರ್ ರೇಟ್ ಮುಟ್ಟಲಿಲ್ಲ. ಮುಂದಿನ ಟೆಸ್ಟಿನಲ್ಲಿ ಫೈಟ್ ಬಗ್ಗೆ ದೂರು ಬರಲಿಲ್ಲ, ನಕ್ಷೆ ಗೊಂದಲ ಅಂತ ಬಂತು. ಎಲ್ಲಾ ಆಟಕ್ಕೂ ಇದೇ ಮದ್ದು ಅಂತ ನಾನು ಹೇಳುವುದಿಲ್ಲ. ಕೆಲವು ಆಟಗಳಲ್ಲಿ ಫೈಟ್ ನಿಜವಾಗಿಯೂ ಜಾಸ್ತಿ ಇರುತ್ತದೆ. ಆದರೆ ಅಳೆದು ನೋಡಿದ ಮೇಲೆ ತಾನೇ ಹಾಗೆ ಹೇಳಬೇಕು?

ಚೆನ್ನಾಗಿ ಮಾಡಿದವರು ಹೇಗೆ ಮಾಡಿದ್ದಾರೆ ನೋಡಿ. 1994ರ ಜಪಾನಿ ಆಟ ‘ಮದರ್ 2’, ಹೊರದೇಶಗಳಲ್ಲಿ ‘ಅರ್ಥ್‌ಬೌಂಡ್’. ಅದರಲ್ಲಿ ಶತ್ರುಗಳು ದಾರಿಯಲ್ಲೇ ಕಾಣುತ್ತಾರೆ. ನೀವು ಸಾಕಷ್ಟು ಬಲವಾಗಿದ್ದರೆ ಫೈಟ್ ಪರದೆ ತೆರೆಯುವುದೇ ಇಲ್ಲ. ಮುಟ್ಟಿದ ಕೂಡಲೇ ಗೆದ್ದಂತೆ, ಎಕ್ಸ್‌ಪಿ ಎಂದಿನಂತೆ ಸಿಗುತ್ತದೆ. ಫಲಿತಾಂಶ ಮೊದಲೇ ಗೊತ್ತಿರುವ ಫೈಟಿನ ಬೇಸರ ಹೋಯಿತು, ಲೆಕ್ಕ ಹಾಗೇ ಉಳಿಯಿತು. ಮರುವರ್ಷದ ‘ಕ್ರೋನೋ ಟ್ರಿಗರ್’ ನಡೆಯುವ ನೆಲದ ಮೇಲೆಯೇ ಫೈಟ್ ಮಾಡಿಸಿ ಪರದೆ ಬದಲಾಗುವ ಕಾಯುವಿಕೆ ತೆಗೆಯಿತು. 2015ರ ‘ಅಂಡರ್‌ಟೇಲ್’ನಲ್ಲಿ ರ‍್ಯಾಂಡಮ್ ಫೈಟ್ ಇದೆ, ಆದರೆ ಯಾರನ್ನೂ ಕೊಲ್ಲದೆ ಮುಗಿಸಬಹುದು. ಹಾಗೆ ಆಡಿದರೆ ಕೊನೆಯವರೆಗೂ ಲೆವೆಲ್ 1. ಕೊಲ್ಲುತ್ತಲೇ ಹೋದರೆ ಒಂದು ಹಂತದಲ್ಲಿ ಆ ಜಾಗ ಖಾಲಿಯಾಗುತ್ತದೆ. ಅಲ್ಲಿ ಪ್ರತಿ ಫೈಟಿಗೂ ಭಾರ ಇದೆ.

ನನಗೆ ಬಹಳ ಇಷ್ಟವಾದದ್ದು 2022ರ ‘ಚೈನ್ಡ್ ಎಕೋಸ್’. ಜರ್ಮನಿಯ ಮಥಿಯಾಸ್ ಲಿಂಡಾ ಬಹುಪಾಲು ಒಬ್ಬರೇ ಕೂತು ವರ್ಷಗಟ್ಟಲೆ ಮಾಡಿದ್ದು. ಅದರಲ್ಲಿ ರ‍್ಯಾಂಡಮ್ ಫೈಟ್ ಇಲ್ಲ, ಶತ್ರುಗಳು ಕಣ್ಣಿಗೆ ಕಾಣುತ್ತಾರೆ. ಅದನ್ನಷ್ಟೇ ನೋಡಿ ನನ್ನ ಹತ್ತಿರ ಬರುವ ತಂಡದವರು ‘ನಾವೂ ತೆಗೆದುಬಿಡ್ತೀವಿ’ ಅನ್ನುತ್ತಾರೆ. ಆದರೆ ಲಿಂಡಾ ಹಳೇ ರೀತಿಯ ಎಕ್ಸ್‌ಪಿ ಲೆವೆಲನ್ನೂ ತೆಗೆದಿದ್ದಾರೆ! ಪಾತ್ರಗಳ ಬೆಳವಣಿಗೆಯ ದೊಡ್ಡ ಪಾಲು ಬಾಸ್‌ಗಳನ್ನು ಗೆದ್ದಾಗ ಸಿಗುವ ಚೂರುಗಳಿಂದ ಬರುತ್ತದೆ. ಪ್ರತಿ ಫೈಟ್ ಆದ ಮೇಲೆ ಎಚ್‌ಪಿ ಪೂರ್ತಿ ತುಂಬುತ್ತದೆ. ಹಾಗಾಗಿ ಪ್ರತಿ ಫೈಟನ್ನೂ, ಪಾರ್ಟಿ ಪೂರ್ತಿ ಆರೋಗ್ಯವಾಗಿದೆ ಅಂದುಕೊಂಡೇ ಗಟ್ಟಿಯಾಗಿ ಕಟ್ಟಬಹುದು. ಒಂದನ್ನು ತೆಗೆದಾಗ ಅದಕ್ಕೆ ತಗಲಿಕೊಂಡ ಎಲ್ಲವನ್ನೂ ಸರಿಸಿ ಇಟ್ಟಿದ್ದಾರೆ. ‘ಫೈನಲ್ ಫ್ಯಾಂಟಸಿ’ಯ ಪಿಕ್ಸೆಲ್ ರೀಮಾಸ್ಟರ್‌ಗಳು, ಅಂದರೆ ಹಳೇ ಆಟಗಳ ಹೊಸ ಆವೃತ್ತಿಗಳು, 2023ರಲ್ಲಿ ಸ್ವಿಚ್ ಮತ್ತು ಪ್ಲೇಸ್ಟೇಷನ್ 4ಕ್ಕೆ ಬಂದಾಗಲೂ ಹಾಗೆಯೇ. ರ‍್ಯಾಂಡಮ್ ಫೈಟನ್ನು ಪೂರ್ತಿ ನಿಲ್ಲಿಸುವ ಆಯ್ಕೆ ಕೊಟ್ಟರು, ಅದರ ಪಕ್ಕದಲ್ಲೇ ಎಕ್ಸ್‌ಪಿಯನ್ನು 4 ಪಟ್ಟಿನವರೆಗೆ ಏರಿಸುವ ಆಯ್ಕೆಯನ್ನೂ ಇಟ್ಟರು. ಎರಡೂ ಜೊತೆಗೆ ಇರುವುದು ಸುಮ್ನೆ ಅಲ್ಲ.

ಹಾಗಂತ ಆಟಗಾರರ ಎಲ್ಲಾ ಮಾತನ್ನೂ ಹೀಗೆ ಅಗೆದು ನೋಡಬೇಕಿಲ್ಲ. ಅದೇ ಪಿಕ್ಸೆಲ್ ರೀಮಾಸ್ಟರ್ 2021ರಲ್ಲಿ ಬಂದಾಗ ಅಕ್ಷರಗಳು ತೆಳ್ಳಗೆ, ಇಕ್ಕಟ್ಟಾಗಿವೆ, ಹಳೇ ಆಟಕ್ಕೆ ಒಪ್ಪುವುದಿಲ್ಲ ಅಂತ ಜನ ಬೈದರು. ಕನ್ಸೋಲ್ ಆವೃತ್ತಿಯಲ್ಲಿ ಪಿಕ್ಸೆಲ್ ಅಕ್ಷರದ ಆಯ್ಕೆ ಬಂತು, ಅಲ್ಲಿಗೆ ಮುಗಿಯಿತು. 2018ರಲ್ಲಿ ‘ಕ್ರೋನೋ ಟ್ರಿಗರ್’ ಪಿಸಿಗೆ ಬಂದಾಗ ಚಿತ್ರಗಳನ್ನು ಉಜ್ಜಿ ನುಣುಪು ಮಾಡಿದ್ದರು. ಆಟಗಾರರು ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ಹಳೇ ಚಿತ್ರದ ಆಯ್ಕೆ ಕೊಡಬೇಕಾಯಿತು. ಕಣ್ಣಿಗೆ ಕಾಣುವ, ಕೈಗೆ ತಾಗುವ ವಿಷಯದಲ್ಲಿ ಆಟಗಾರರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿ. ಅಕ್ಷರ, ಬಟನ್, ಸೇವ್ ಜಾಗ, ಸಾಲುಗಳ ವೇಗ, ಇವೆಲ್ಲ ಹಾಗೆ. ‘ಜಾಸ್ತಿ’, ‘ಕಷ್ಟ’, ‘ನಿಧಾನ’ ಅಂದಾಗ ಮಾತ್ರ ತಡೆದು ಹುಡುಕಿ.

ಹುಡುಕುವಾಗ ಆಡಿದ ಗಂಟೆ ನೋಡಿ. ಪಿಸಿ ಆಟ ಮಾರುವ ಸ್ಟೀಮ್ ತಾಣದಲ್ಲಿ ರಿವ್ಯೂ ಪಕ್ಕದಲ್ಲೇ ಅದು ಇರುತ್ತದೆ, ಆದರೂ ಬಂದವರ ಪಟ್ಟಿಯಲ್ಲಿ ಅದನ್ನು ಬರೆದುಕೊಂಡಿರುವುದೇ ಅಪರೂಪ. ಒಂದೂವರೆ ಗಂಟೆ ಆಡಿದವರು ‘ಗ್ರೈಂಡಿಂಗ್’ ಅಂದರೆ ಶುರುವಿನ ಫೈಟುಗಳಲ್ಲಿ ಯೋಚಿಸಲು ಏನೂ ಇಲ್ಲ ಅಂತ ಸಂಶಯ ಪಡಬೇಕು. ಮೂವತ್ತು ಗಂಟೆ ಆಡಿದವರು ಅದನ್ನೇ ಅಂದರೆ ಕೊನೆಯ ಭಾಗದ ಲೆವೆಲ್ ಲೆಕ್ಕದಲ್ಲಿ ಎಲ್ಲೋ ಗೋಡೆ ಎದ್ದಿದೆ. ಇನ್ನು ಅರವತ್ತು ಗಂಟೆ ಆಡಿ ‘ಬೇಡ’ ಅಂತ ಹೆಬ್ಬೆರಳು ಕೆಳಗೆ ಮಾಡಿದವರನ್ನು ನೋಡಿ ತಂಡದವರು ನಗುತ್ತಾರೆ. ನಗಬೇಡಿ. ಅಷ್ಟು ಹೊತ್ತು ನಿಮ್ಮ ಆಟದ ಜೊತೆ ಬಾಳಿದವರು ಅವರು. ಕೊನೆಯ ಹತ್ತು ಗಂಟೆಯಲ್ಲಿ ಏನು ಕೆಟ್ಟಿದೆ ಅಂತ ಹೇಳಲು ಅವರಿಗಿಂತ ಬೇರೆ ಯಾರಿಗೆ ಸಾಧ್ಯ? ಅಂಥ ರಿವ್ಯೂ ಸಿಕ್ಕರೆ ಮೊದಲು ಅದನ್ನೇ ಓದುತ್ತೇನೆ.

ನನ್ನ ಹತ್ತಿರ ಬರುವವರು ರಿವ್ಯೂ ಪಟ್ಟಿಯ ಜೊತೆ ಮೂರು ವಸ್ತು ತನ್ನಿ. ರೇಟ್ ಮುಟ್ಟುವ ಮೊದಲಿನ ಬಿಲ್ಡ್, ಅಂದರೆ ಆಟದ ಆಗಿನ ಪ್ರತಿ. ಆಟಗಾರರು ಮೊದಲ ಎರಡು ಗಂಟೆ ಆಡಿದ ರೆಕಾರ್ಡಿಂಗ್, ಸಾಧ್ಯವಾದರೆ ಅವರ ಕೈಯೂ ಕಾಣುವ ಹಾಗೆ. ಎರಡು ಗಂಟೆ ಯಾಕೆ ಅಂದರೆ, ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಲು ಇರುವ ಮಿತಿಯೂ ಅಷ್ಟೇ. ಮೂರನೆಯದು, ಬರೀ ‘ಅಟ್ಯಾಕ್’ ಒತ್ತಿ ಗೆದ್ದ ಫೈಟುಗಳು ಯಾವ ಯಾವವು ಅಂತ ಒಂದು ಲಾಗ್. ಅದನ್ನು ಬರೆಯಿಸಲು ನಿಮ್ಮ ಪ್ರೋಗ್ರಾಮರಿಗೆ ಒಂದು ಮಧ್ಯಾಹ್ನ ಸಾಕು. ಸಾಮಾನ್ಯವಾಗಿ ನಾನು ಕೆಲಸ ಶುರು ಮಾಡುವುದು ಆ ಫೈಟುಗಳಿಂದಲೇ.