ಸಂಬಳ ಯಾರು ಕೊಡುತ್ತಾರೆ ಅಂತ ಮೊದಲು ಕೇಳಿ

ಹೊರದೇಶದಲ್ಲಿ ಆಫೀಸು ತೆರೆಯುವ ಕಂಪನಿಗಳಿಗೆ ಅಲ್ಲಿನ ರಾಜಕೀಯ ಅಪಾಯ ಎಷ್ಟೆಂದು ವರದಿ ಬರೆದುಕೊಡುವುದು ನನ್ನ ಕಸುಬು. ಉಕ್ರೇನಿನ ಮಾತು ಬಂದರೆ ಸಾಕು, ಮೇಜಿನ ಆಚೆ ಕೂತವರು ಎರಡು ಪಂಗಡವಾಗುತ್ತಾರೆ. ಒಬ್ಬರು 'ಅಲ್ಲಿರೋರೆಲ್ಲ ನಾತ್ಸಿಗಳಂತೆ, ಹೌದಾ ಮೇಡಂ?' ಅನ್ನುತ್ತಾರೆ. ಇನ್ನೊಬ್ಬರು ಫೋನ್ ತೆಗೆದು ಒಂದು ಅಂಕಿ ತೋರಿಸುತ್ತಾರೆ: ಶೇ. 2.15. ಸ್ವೊಬೋಡಾ, ನ್ಯಾಷನಲ್ ಕೋರ್, ರೈಟ್ ಸೆಕ್ಟರ್ ಮುಂತಾದ ಉಗ್ರ ಬಲಪಂಥೀಯರು 2019ರ ಸಂಸತ್ ಚುನಾವಣೆಯಲ್ಲಿ ಒಂದೇ ಪಟ್ಟಿಯಡಿ ನಿಂತು ಗಳಿಸಿದ್ದು ಅಷ್ಟೇ. ಪಟ್ಟಿಯಿಂದ ಸಂಸತ್ತಿಗೆ ಹೋಗಲು ಶೇ. 5 ಬೇಕಿತ್ತು. ಅದೇ ವರ್ಷ ಯಹೂದಿ ಮನೆತನದ ಝೆಲೆನ್‌ಸ್ಕಿ ಶೇ. 73 ಮತ ಪಡೆದು ಅಧ್ಯಕ್ಷರಾಗಿದ್ದರು.

ಮೊದಲನೆಯವರ ಜೊತೆ ಹೆಚ್ಚು ವಾದ ಮಾಡುವುದಿಲ್ಲ. ಅದು ಮಾಸ್ಕೋ ಹಬ್ಬಿಸಿದ ಮಾತು, ಇದೇ ಅಂಕಿಗಳ ಮುಂದೆ ಬಿದ್ದುಹೋಗುತ್ತದೆ. ನನ್ನ ತಾಳ್ಮೆ ಕೆಡಿಸುವವರು ಎರಡನೆಯವರು. ಅವರ ಅಂಕಿ ಸರಿಯಾಗಿಯೇ ಇರುತ್ತದೆ. ಅದನ್ನು ತೋರಿಸಿ 'ಹಾಗಾದರೆ ಅಲ್ಲೇನೂ ಇಲ್ಲ ಬಿಡಿ' ಎಂದು ಫೈಲು ಮುಚ್ಚುತ್ತಾರಲ್ಲ, ಅದೇ ತೊಂದರೆ. ಯುದ್ಧದಲ್ಲಿರುವ ದೇಶದಲ್ಲಿ ಬಂದೂಕು ಹಿಡಿದ ಗುಂಪಿಗೆ ಅಧಿಕಾರ ಬರುವ ದಾರಿ ಬೇರೆ. ಗೃಹ ಖಾತೆ, ಪೊಲೀಸ್ ಇಲಾಖೆ, ಸೇನೆಯ ನೇಮಕಾತಿ ಆದೇಶ, ಸಂಬಳದ ಪಟ್ಟಿ. ಮತ ಎಣಿಸಿ ಅದನ್ನು ಅಳೆಯಲಾಗದು.

2014ನ್ನೇ ನೋಡಿ. ಕ್ರೈಮಿಯಾ ರಷ್ಯಾದ ಪಾಲಾಗಿತ್ತು, ಪೂರ್ವದ ಡೊನ್‌ಬಾಸ್ ರಷ್ಯಾ ಬೆಂಬಲದ ಬಂಡುಕೋರರಿಂದ ಹೊತ್ತಿ ಉರಿಯುತ್ತಿತ್ತು, ಉಕ್ರೇನಿನ ಸೇನೆ ಕಾಗದದ ಮೇಲಷ್ಟೇ ಗಟ್ಟಿಯಾಗಿತ್ತು. ಗೃಹ ಸಚಿವ ಅರ್ಸೆನ್ ಅವಾಕೊವ್ ಸ್ವಯಂಸೇವಕ ಬೆಟಾಲಿಯನ್‌ಗಳಿಗೆ ತಮ್ಮ ಖಾತೆಯಡಿ ಜಾಗ ಕೊಟ್ಟರು. ಅವುಗಳಲ್ಲಿ ಒಂದು ಅಜೋವ್. ಅದರ ಮೊದಲ ಕಮಾಂಡರ್ ಆಂದ್ರಿ ಬಿಲೆಟ್‌ಸ್ಕಿ ಖಾರ್ಕಿವ್‌ನಲ್ಲಿ 'ಪೇಟ್ರಿಯಟ್ ಆಫ್ ಉಕ್ರೇನ್' ಎಂಬ ಜನಾಂಗವಾದಿ ಗುಂಪು ಕಟ್ಟಿದ್ದವರು. (ನಮ್ಮ ಮೆಡಿಕಲ್ ವಿದ್ಯಾರ್ಥಿಗಳಿಂದಾಗಿ ನಮಗೂ ಪರಿಚಯವಾದ ಖಾರ್ಕಿವ್ ಅದೇ, 2022ರ ಮಾರ್ಚ್ 1ರ ದಾಳಿಯಲ್ಲಿ ಹಾವೇರಿ ಜಿಲ್ಲೆಯ ಹುಡುಗ ತೀರಿಕೊಂಡ ಊರು.) ಜೂನ್‌ನಲ್ಲಿ ಮಾರಿಯುಪೋಲ್ ಮರಳಿ ಪಡೆಯುವಲ್ಲಿ ಅಜೋವ್ ಕಾದಿತು, ಹೆಸರು ಮಾಡಿತು. ನವೆಂಬರಿನಲ್ಲಿ ಗೃಹ ಖಾತೆಯದೇ ಆದ ನ್ಯಾಷನಲ್ ಗಾರ್ಡ್‌ಗೆ ಸೇರಿತು. ಬಿಲೆಟ್‌ಸ್ಕಿ ಕೀವ್‌ನ ಒಂದು ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಸಂಸದರಾದರು. ಇದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಯಾರೂ ಗಮನಿಸದ ಇನ್ನೊಂದು ಸಂಗತಿ: ಅಜೋವ್‌ನ ಉಪ ಕಮಾಂಡರ್ ಆಗಿದ್ದ ವಾದಿಮ್ ಟ್ರೋಯಾನ್ ಅದೇ ವರ್ಷದ ಕೊನೆಗೆ ಕೀವ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರಾದರು, ಮುಂದೆ ಗೃಹ ಖಾತೆಯ ಉಪಸಚಿವರೂ ಆದರು. ಆ ಕುರ್ಚಿಗೆ ಶೇ. 5 ಮತ ಬೇಕಿರಲಿಲ್ಲ. ಒಬ್ಬ ಸಚಿವನ ಸಹಿ ಸಾಕಿತ್ತು. ಆ ಸಚಿವರೋ, ಇಬ್ಬರು ಅಧ್ಯಕ್ಷರ ಕಾಲದಲ್ಲೂ, 2021ರ ಜುಲೈವರೆಗೂ ಅಲ್ಲೇ ಕೂತಿದ್ದರು.

ಹೀಗೆ ಗೃಹ ಖಾತೆಯ ನೆರಳು ಸಿಕ್ಕಾಗ ಬೀದಿಯಲ್ಲಿ ಏನಾಗುತ್ತದೆ? 2018ರ ಜನವರಿಯಲ್ಲಿ ಬಿಲೆಟ್‌ಸ್ಕಿ ಮತ್ತು ಅಜೋವ್ ಬಿಟ್ಟುಬಂದವರು ಕಟ್ಟಿದ ನ್ಯಾಷನಲ್ ಕೋರ್ ಪಕ್ಷದ ನಂಟಿನ 'ನ್ಯಾಷನಲ್ ದ್ರುಝಿನಿ' ಎಂಬ ಬೀದಿಪಡೆ ಚೆರ್ಕಾಸಿ ನಗರಸಭೆಗೆ ನುಗ್ಗಿ, ಬಜೆಟ್ ಅಂಗೀಕರಿಸುವತನಕ ಸದಸ್ಯರನ್ನು ಹೊರಗೆ ಬಿಡಲಿಲ್ಲ. ಜೂನ್‌ನಲ್ಲಿ ಕೀವ್‌ನ ಒಂದು ಪಾರ್ಕಿನಲ್ಲಿದ್ದ ರೋಮಾ ಅಲೆಮಾರಿಗಳ ಗುಡಾರಗಳನ್ನು ಕೊಡಲಿ, ಸುತ್ತಿಗೆ ಹಿಡಿದು ಒಡೆದುಹಾಕಿತು. ಅದನ್ನು ಫೇಸ್‌ಬುಕ್‌ನಲ್ಲಿ ನೇರವಾಗಿಯೇ ತೋರಿಸಿತು. ಇವರ ಪಕ್ಷ ಮರುವರ್ಷ ಚುನಾವಣೆಯಲ್ಲಿ ನೆಲಕಚ್ಚಿತು, ನಿಜ. ಆದರೆ ಆ ಗುಡಾರದಲ್ಲಿದ್ದ ಹೆಂಗಸಿಗೆ ಶೇಕಡಾವಾರು ಲೆಕ್ಕ ಹೇಳಿ ಸಮಾಧಾನ ಮಾಡುತ್ತೀರಾ?

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮೊದಲನೆಯ ಪಂಗಡದವರು ನನ್ನನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಗೃಹ ಖಾತೆಯೊಳಗೆ ತಂದದ್ದರಿಂದಲೇ ಅಜೋವ್ ಮೇಲೆ ಲಗಾಮು ಬಿತ್ತು ಎನ್ನುವ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಪಡೆಯನ್ನು ಬಿಟ್ಟ ಹಲವರು ಪಕ್ಷ ಕಟ್ಟಿಕೊಂಡರು. ಹೊಸದಾಗಿ ಸೇರಿದವರಲ್ಲಿ ಸಿದ್ಧಾಂತದ ಹಂಗಿಲ್ಲದವರೂ ಬಹಳ. ಪಡೆಗೂ ಪಕ್ಷಕ್ಕೂ ನಡುವೆ ಎಷ್ಟು ನಂಟು ಉಳಿಯಿತು ಎಂಬುದರ ಬಗ್ಗೆ ಈ ವಿಷಯ ಬಲ್ಲವರಲ್ಲೇ ಒಮ್ಮತವಿಲ್ಲ. 2018ರಲ್ಲಿ ಅಜೋವ್‌ಗೆ ಶಸ್ತ್ರ ಕೊಡಬಾರದೆಂದು ಕಾನೂನು ಮಾಡಿದ ಅಮೆರಿಕವೇ 2024ರ ಜೂನ್‌ನಲ್ಲಿ ತನ್ನ ನಿರ್ಬಂಧ ತೆಗೆಯಿತು. 2019ರ ಅಕ್ಟೋಬರ್‌ನಲ್ಲಿ ಡೊನ್‌ಬಾಸ್‌ನ ಮುಂಚೂಣಿಯ ಊರು ಝೊಲೊಟೆಯಿಂದ ಒಪ್ಪಂದದಂತೆ ಸೇನೆ ಹಿಂದೆಗೆಯುವುದನ್ನು ತಡೆಯಲು ಅಜೋವ್‌ನ ಮಾಜಿ ಯೋಧರು ಅಲ್ಲಿ ಬೀಡುಬಿಟ್ಟಾಗ ಝೆಲೆನ್‌ಸ್ಕಿಯೇ ಹೋಗಿ ಎದುರು ನಿಂತು ಜಗಳವಾಡಿದರು. ಕೆಲವೇ ದಿನದಲ್ಲಿ ಸೇನೆ ಹಿಂದೆ ಸರಿಯಿತು. ಗದರಿಸುವ ಶಕ್ತಿ ಆ ಗುಂಪಿಗಿತ್ತು, ತಡೆಯುವಷ್ಟು ಇರಲಿಲ್ಲ.

ಒಮ್ಮೆ ಒಂದು ಕಂಪನಿಯ ಹುಡುಗ ಎಕ್ಸೆಲ್ ಶೀಟ್ ಕಳಿಸಿ 'ಉಗ್ರವಾದ: ಹೆಚ್ಚು, ಮಧ್ಯಮ, ಕಡಿಮೆ, ಯಾವುದಾದರೂ ಒಂದು ಹಾಕಿಬಿಡಿ ಮೇಡಂ' ಎಂದ. ಪಾಪ, ಒಳ್ಳೆಯ ಹುಡುಗ, ಮೇಲಿನವರು ಕೇಳಿದ್ದನ್ನೇ ಕೇಳಿದ. ಆ ಕಾಲಂ ಅಳಿಸಿ ನಾಲ್ಕು ಹೊಸ ಕಾಲಂ ಬರೆದು ವಾಪಸ್ ಕಳಿಸಿದೆ: ಸಂಬಳ ಯಾರದು, ಆಯುಧ ಯಾರದು, ಕಮಾಂಡರನ್ನು ಬದಲಿಸುವ ಅಧಿಕಾರ ಯಾರಿಗೆ, ಅವರು ತಪ್ಪು ಮಾಡಿದರೆ ಕೇಸು ಹಾಕುವ ಧೈರ್ಯ ಯಾರಿಗಿದೆ. 'ಇದರಲ್ಲಿ ರಷ್ಯಾದ್ದೂ ತುಂಬಬಹುದಾ?' ಎಂದು ಕೇಳಿದ. ಖಂಡಿತ ತುಂಬಬಹುದು. ನಾತ್ಸಿಗಳನ್ನು ಅಳಿಸಲು ಬಂದೆವೆನ್ನುವ ರಷ್ಯಾದ ಪರವಾಗಿಯೇ 'ರುಸಿಚ್' ಎಂಬ ನವನಾತ್ಸಿ ಪಡೆ 2014ರಿಂದ ಹೋರಾಡಿದೆ. ವಾಗ್ನರ್ ಎಂಬ ಖಾಸಗಿ ಬಾಡಿಗೆ ಪಡೆಗೆ ಸರ್ಕಾರದ ಸಂಬಂಧವೇ ಇಲ್ಲವೆಂದು ವರ್ಷಗಟ್ಟಲೆ ಹೇಳಿದ ಪುಟಿನ್, 2023ರ ಜೂನ್ 27ರಂದು ಲೆಕ್ಕ ಬಿಚ್ಚಿದರು: 2022ರ ಮೇ ತಿಂಗಳಿಂದ ಒಂದು ವರ್ಷಕ್ಕೆ ವಾಗ್ನರ್ ಸಿಬ್ಬಂದಿಯ ಸಂಬಳ, ಬಹುಮಾನಗಳಿಗೆ ಸರ್ಕಾರ ಕೊಟ್ಟದ್ದು 8,600 ಕೋಟಿ ರೂಬಲ್‌ಗೂ ಹೆಚ್ಚು. ಮೂರು ದಿನದ ಹಿಂದಷ್ಟೇ ವಾಗ್ನರ್ ಮುಖ್ಯಸ್ಥ ಪ್ರಿಗೋಝಿನ್ ದಕ್ಷಿಣ ರಷ್ಯಾದ ರೊಸ್ತೋವ್‌ನ ಸೇನಾ ಕೇಂದ್ರ ಹಿಡಿದು ಮಾಸ್ಕೋ ಕಡೆ ಹೊರಟಿದ್ದ. ಜುಲೈ 1ರೊಳಗೆ ಎಲ್ಲ ಸ್ವಯಂಸೇವಕ ಪಡೆಗಳೂ ರಕ್ಷಣಾ ಖಾತೆಯ ಜೊತೆ ಕರಾರಿಗೆ ಸಹಿ ಹಾಕಬೇಕೆಂಬ ಆದೇಶವೇ ಆ ದಂಗೆಗೆ ತಕ್ಷಣದ ಕಾರಣ. ವಾಗ್ನರ್ ಒಂದು ಮತವನ್ನೂ ಕೇಳಿರಲಿಲ್ಲ.

ಸರ್ಬಿಯಾದ ಫೈಲೂ ಹತ್ತಿರ ಇಟ್ಟುಕೊಂಡಿರುತ್ತೇನೆ. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ ಬೋಸ್ನಿಯಾ, ಕ್ರೊಯೇಷಿಯಾಗಳಲ್ಲಿ ಕೊಲೆ, ಲೂಟಿ ನಡೆಸಿದ ಖಾಸಗಿ ಪಡೆಯ ನಾಯಕ ಅರ್ಕಾನ್ 1992ರಲ್ಲಿ ಸಂಸದನಾದ. ಮರುವರ್ಷ ಅದ್ದೂರಿ ಪ್ರಚಾರ ಮಾಡಿಯೂ ಸೋತ. ಪತ್ರಿಕೆಗಳು ಅವನ ರಾಜಕೀಯ ಮುಗಿಯಿತು ಎಂದುಕೊಳ್ಳುವಂಥ ಸೋಲು. ಆದರೆ ಅವನ ಪಡೆಯಲ್ಲಿದ್ದ ಮಿಲೊರಾದ್ ಉಲೆಮೆಕ್ ಸರ್ಕಾರಿ ವಿಶೇಷ ಪಡೆಯ ಕಮಾಂಡರ್ ಆದ. ಆ ಪಡೆ 2001ರ ನವೆಂಬರಿನಲ್ಲಿ ಬೆಲ್‌ಗ್ರೇಡಿನ ಹೆದ್ದಾರಿ ಅಡ್ಡಗಟ್ಟಿ ಸರ್ಕಾರವನ್ನು ಮಣಿಸಿತು. ಪ್ರಧಾನಿ ಝೊರಾನ್ ಜಿಂಜಿಚ್ ಅವರನ್ನು 2003ರ ಮಾರ್ಚ್ 12ರಂದು ಗುಂಡಿಟ್ಟು ಕೊಂದವನು ಅದೇ ಪಡೆಯ ಅಧಿಕಾರಿ; ಸಂಚುಗಾರರಲ್ಲಿ ಉಲೆಮೆಕ್ ಮುಖ್ಯ. ಯುದ್ಧ ಮುಗಿದು ವರ್ಷಗಳೇ ಆಗಿದ್ದವು.

ಉಕ್ರೇನ್ ಹಾಗಾಗುತ್ತದೆ ಎಂದು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಬಿಲೆಟ್‌ಸ್ಕಿ ಈಗ ಸೇನೆಯ 'ಮೂರನೇ ಕೋರ್' ಎಂಬ ದೊಡ್ಡ ಪಡೆಯ ಕಮಾಂಡರ್, ದೇಶಕ್ಕೆ ಅವರ ಸೈನಿಕರು ಬೇಕೇ ಬೇಕು. ಸೇನಾ ಕಾನೂನು ಇರುವತನಕ ಚುನಾವಣೆ ಇಲ್ಲ, ಹಾಗಾಗಿ ಮತದ ಹೊಸ ಅಂಕಿಯೂ ಸದ್ಯಕ್ಕೆ ಸಿಗುವುದಿಲ್ಲ. ಅಲ್ಲಿಯವರೆಗೆ ನನ್ನ ವರದಿಯಲ್ಲಿ ಕೀವ್‌ನ ಗೃಹ ಖಾತೆಯ ವರ್ಗಾವಣೆ ಪಟ್ಟಿಗೆ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ಓದದೆ ಮುಂದಿನ ಪುಟಕ್ಕೆ ಹಾರಿ, 'ಮೇಡಂ, ಒಟ್ಟಿನಲ್ಲಿ ಹೆಚ್ಚೋ ಕಡಿಮೆಯೋ?' ಅಂತ ಮಾತ್ರ ಫೋನ್ ಮಾಡಬೇಡಿ.