ಬೆಳಿಗ್ಗೆ ಹಡಗು ಇಳಿದರೆ ರಾತ್ರಿವರೆಗೆ ಮುಂಬೈಯಲ್ಲಿ ಏನು ಮಾಡೋದು?

ಪ್ರಶ್ನೆ: ನಾವು ನಾಲ್ಕು ಜನ, ಅಪ್ಪ ಅಮ್ಮನೂ ಇದ್ದಾರೆ. ಲಕ್ಷದ್ವೀಪದ ಕ್ರೂಸ್ ಮುಗಿಸಿ ಬೆಳಿಗ್ಗೆ ಮುಂಬೈಯಲ್ಲಿ ಇಳೀತೀವಿ. ಬೆಂಗಳೂರಿಗೆ ವಿಮಾನ ಇರೋದು ರಾತ್ರಿ 9ಕ್ಕೆ. ಮುಂಬೈ ಟ್ರಾಫಿಕ್ ಅಂದ್ರೆ ಭಯ. ಸುಮ್ನೆ ನೇರ ಏರ್‌ಪೋರ್ಟಿಗೆ ಹೋಗಿ ಕೂತ್ಕೊಳ್ಳೋದೇ ವಾಸಿ ಅಲ್ವಾ?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಿಬಿಡೋಣ ಅನ್ನಿಸುತ್ತದೆ. ಈ ಪ್ರಶ್ನೆಗೆ ನಾನು ಉತ್ತರ ಬರೆಯುತ್ತಿರುವುದು ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಹಡಗಿನ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ. ಕೊನೆಯ ಸಾಲು ಮಾತ್ರ ಬದಲಾಗಲ್ಲ: "ನೇರ ಏರ್‌ಪೋರ್ಟಿಗೆ ಹೋಗಿಬಿಡ್ತೀವಿ."

ಮೊದಲು ಒಂದು ಮಾತು. ನಿಮ್ಮ ವಿಮಾನ ಮಧ್ಯಾಹ್ನ ಎರಡಕ್ಕಿಂತ ಮುಂಚೆ ಇದ್ದರೆ ಈ ಉತ್ತರ ನಿಮಗಲ್ಲ. ಹಡಗು ತಡವಾಗಬಹುದು, ಇಳಿಸುವುದು ಗುಂಪು ಗುಂಪಾಗಿ, ಲಗೇಜು ಸಿಗುವಾಗ ಹತ್ತು ಗಂಟೆ ಆಗಿರುತ್ತದೆ. ಅಂಥವರು ನಿಜವಾಗಿಯೂ ಟ್ಯಾಕ್ಸಿ ಹಿಡಿದು ಹೊರಡಬೇಕು. ಸಂಜೆ, ರಾತ್ರಿ ವಿಮಾನದವರು ಮಾತ್ರ ಮುಂದೆ ಓದಿ.

ಈಗ ಎಲ್ಲರೂ ಹೇಳುವ ಮೂರು ಗಂಟೆಯ ಕತೆಗೆ ಬರೋಣ. ಫೋರ್ಟ್ ಅಂದರೆ ನೀವು ಹಡಗು ಇಳಿಯುವ ದಕ್ಷಿಣ ಮುಂಬೈಯ ಹಳೇ ಭಾಗ. "ಫೋರ್ಟ್‌ನಿಂದ ಏರ್‌ಪೋರ್ಟಿಗೆ ಮೂರು ಗಂಟೆ ಬೇಕು." ಇದನ್ನು ಹೇಳದ ಕನ್ನಡಿಗನನ್ನು ನಾನು ನೋಡಿಲ್ಲ. ಹೇಳಿದವರು ಯಾರು ಅಂತ ಕೇಳಿದರೆ ಭಾವನ ಸ್ನೇಹಿತರು, ಇಲ್ಲಾ ಆಫೀಸಿನ ಮರಾಠಿಯವರು. ಯಾವಾಗ ಹೋಗಿದ್ದರು ಅಂತ ಕೇಳಿದರೆ ಹದಿನೈದು ವರ್ಷದ ಹಿಂದೆ. ಯಾವ ತಿಂಗಳು? ಜುಲೈ. ಎಷ್ಟು ಹೊತ್ತಿಗೆ? ಸಂಜೆ ಆರಕ್ಕೆ. ಅಲ್ಲಾ ಸ್ವಾಮಿ, ಜುಲೈ ತಿಂಗಳಲ್ಲಿ, ಮಳೆಯಲ್ಲಿ, ಸಂಜೆ ಆರಕ್ಕೆ, ಮೊಹಮ್ಮದ್ ಅಲಿ ರಸ್ತೆಯ ಮೇಲೆ ದಾದರ್, ಸಯಾನ್ ಹಾದು ಹೋದರೆ ಮೂರು ಗಂಟೆ ಯಾಕೆ, ನಾಲ್ಕೂ ಆಗಬಹುದು. ನೀವು ಹೋಗುತ್ತಿರುವುದು ಕ್ರೂಸಿನಲ್ಲಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಇರುವ ಸ್ಥಿತಿಗೆ ಆ ಕಡೆ ಕ್ರೂಸ್ ಓಡಿಸುವುದೇ ಅಪರೂಪ. ನೀವು ಮುಂಬೈಯಲ್ಲಿ ಇಳಿಯುವ ದಿನ ಆಕಾಶ ತಿಳಿಯಾಗಿರುವ ಸಾಧ್ಯತೆಯೇ ಜಾಸ್ತಿ.

ಎರಡನೆಯದು, ಟ್ರಾಫಿಕ್ಕಿಗೂ ಒಂದು ದಿಕ್ಕಿದೆ. ಮುಂಬೈ ಉದ್ದದ ಊರು. ಆಫೀಸುಗಳು ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರದಲ್ಲಿ. ಬೆಳಿಗ್ಗೆ ಜನ ಕೆಳಗಿಳಿಯುತ್ತಾರೆ, ಸಂಜೆ ಮೇಲೆ ಹೋಗುತ್ತಾರೆ. ಏರ್‌ಪೋರ್ಟ್ ಇರುವುದು ಉತ್ತರದಲ್ಲಿ, ಫೋರ್ಟ್‌ನಿಂದ ಸುಮಾರು 25 ಕಿ.ಮೀ. ದೂರ. ಹಾಗಾಗಿ ಮಧ್ಯಾಹ್ನ ಮೂರೂವರೆಯೊಳಗೆ ಹೊರಟರೆ ರಸ್ತೆ ನಿಮ್ಮದು. ಐದೂವರೆಗೆ ಹೊರಟರೆ ಇಡೀ ಊರು ನಿಮ್ಮ ಜೊತೆ ಹೊರಟಿರುತ್ತದೆ. ಭಯ ಪಡಬೇಕಾದ್ದು ದೂರಕ್ಕಲ್ಲ, ಹೊತ್ತಿಗೆ.

ಮೂರನೆಯದು, ರಸ್ತೆಗಳೇ ಬದಲಾಗಿವೆ. 2013ರಲ್ಲಿ ಈಸ್ಟರ್ನ್ ಫ್ರೀವೇ ಬಂತು. ಹಡಗು ನಿಲ್ಲುವ ಜಾಗದ ಹತ್ತಿರವೇ, ಪಿ. ಡಿಮೆಲ್ಲೊ ರಸ್ತೆಯಲ್ಲಿ ಅದನ್ನು ಹತ್ತಿದರೆ ಚೆಂಬೂರಿನ ಕಡೆ ಇಳಿಯುತ್ತೀರಿ. 2024ರಲ್ಲಿ ಕೋಸ್ಟಲ್ ರೋಡ್ ತೆರೆಯಿತು. ಮರೀನ್ ಡ್ರೈವ್‌ನಲ್ಲಿ ಸುರಂಗಕ್ಕೆ ಇಳಿದು, ಮಲಬಾರ್ ಹಿಲ್ ಕೆಳಗೆ ಸುಮಾರು ಎರಡು ಕಿಲೋಮೀಟರ್ ಹೋಗಿ ಮೇಲೆ ಬಂದರೆ ಸಮುದ್ರ. ಅಲ್ಲಿಂದ ವರ್ಲಿ, ಸೀ ಲಿಂಕ್, ಬಾಂದ್ರಾ.

ನಾಲ್ಕನೆಯದು ಹೇಳಿದರೆ ಉಳಿದ ಮೂರೂ ಬೇಕಾಗಿಲ್ಲ: ಮೆಟ್ರೊ. ಮೂರನೇ ಲೈನು, ಅಕ್ವಾ ಲೈನ್ ಅಂತ ಕರೆಯುವುದು, 2025ರ ಅಕ್ಟೋಬರಿನಿಂದ ಕಫ್ ಪರೇಡ್‌ನಿಂದ ಆರೇವರೆಗೆ ಪೂರ್ತಿ ಓಡುತ್ತಿದೆ. 33.5 ಕಿ.ಮೀ., 27 ನಿಲ್ದಾಣ, ಹೆಚ್ಚುಕಡಿಮೆ ಎಲ್ಲವೂ ನೆಲದ ಕೆಳಗೆ. ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಗಂಟೆ, ಟಿಕೆಟ್ 70 ರೂಪಾಯಿ. ನಾವು ಸಿಎಸ್‌ಎಂಟಿಯಲ್ಲಿ (ಹಳೆಯ ವಿಟಿ ರೈಲು ನಿಲ್ದಾಣದ ಹತ್ತಿರ) ಹತ್ತಿ ಏರ್‌ಪೋರ್ಟಿನಲ್ಲಿ ಇಳಿಯುವವರು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನೆಲದ ಕೆಳಗೆ ಸಿಗ್ನಲ್ ಇಲ್ಲ, ಎಡಗಡೆಯಿಂದ ನುಗ್ಗುವ ಬೈಕ್ ಇಲ್ಲ, ಗಣಪತಿ ಮೆರವಣಿಗೆ ಇಲ್ಲ. ಇಷ್ಟು ಹೇಳಿದ ಮೇಲೂ "ಆದ್ರೂ ಮೂರು ಗಂಟೆ ಅಂತಾರಲ್ಲಾ" ಅಂತ ಹೋದ ವಾರ ಒಬ್ಬರು ಬರೆದರು. ಏನು ಮಾಡಲಿ?

ಈ ಮೂರು ಗಂಟೆಗೆ ಒಬ್ಬ ತಮ್ಮನೂ ಇದ್ದಾನೆ. "ಬೇಗ ಹೋದರೆ ಬ್ಯಾಗ್ ಕೌಂಟರಿಗೆ ಕೊಟ್ಟು ಹಾಯಾಗಿ ಕೂರಬಹುದು" ಅನ್ನುವುದು. ನನ್ನ ಚಿಕ್ಕಪ್ಪ ಚಿಕ್ಕಮ್ಮ ಶಿವಮೊಗ್ಗದವರು. ನನ್ನ ಮಾತು ಕೇಳದೆ ಹೀಗೇ ಮಾಡಿದರು. ಬೆಳಿಗ್ಗೆ ಹನ್ನೊಂದಕ್ಕೆ ಏರ್‌ಪೋರ್ಟ್ ಬಾಗಿಲಲ್ಲಿ ನಿಂತರು. ಟಿಕೆಟ್ ನೋಡಿದ ಜವಾನ, ರಾತ್ರಿ ವಿಮಾನಕ್ಕೆ ಈಗಲೇ ಯಾಕೆ ಬಂದಿರಿ ಅಂದ. ವಿಮಾನ ಕಂಪನಿಯವರು ಬ್ಯಾಗ್ ತೆಗೆದುಕೊಳ್ಳುವುದು ಹೊರಡುವ ಕೆಲವೇ ಗಂಟೆ ಮೊದಲು. ಅಲ್ಲಿಯವರೆಗೆ ನಾಲ್ಕು ಸೂಟ್‌ಕೇಸಿನ ಟ್ರಾಲಿ ನಿಮ್ಮ ಜವಾಬ್ದಾರಿ. ಚಿಕ್ಕಪ್ಪ ಬಾತ್‌ರೂಮಿಗೆ ಹೋದಾಗ ಚಿಕ್ಕಮ್ಮ ಟ್ರಾಲಿ ಹಿಡಿದರು, ಚಿಕ್ಕಮ್ಮ ಹೋದಾಗ ಚಿಕ್ಕಪ್ಪ ಹಿಡಿದರು. ಹೊರಗಡೆ ಬೆಂಚಿನ ಮೇಲೆ ಕೂತು ಮನೆಯಿಂದ ತಂದು ಉಳಿದಿದ್ದ ಚಕ್ಕುಲಿ ತಿಂದರು. ಈಗಲೂ ಯಾರಾದರೂ "ಮುಂಬೈಯಲ್ಲಿ ಏನೇನು ನೋಡಿದ್ರಿ?" ಅಂತ ಕೇಳಿದರೆ ಚಿಕ್ಕಮ್ಮ ಹೇಳುವುದು ಒಂದೇ: "ಟ್ರಾಲಿ."

ಅಂದರೆ ನಿಜವಾದ ಸಮಸ್ಯೆ ಲಗೇಜು. ಟ್ರಾಫಿಕ್ ಬಗ್ಗೆ ಹತ್ತು ಜನ ಕೇಳುತ್ತಾರೆ, ಇದನ್ನು ಒಬ್ಬರೂ ಕೇಳಲ್ಲ.

ರೈಲ್ವೆ ಕ್ಲೋಕ್ ರೂಮ್ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ರೈಲಿನವರಿಗಾಗಿ ಇರುವುದು. ಪ್ರಯಾಣದ ಟಿಕೆಟ್ ಕೇಳುತ್ತಾರೆ, ಬೀಗ ಹಾಕದ ಬ್ಯಾಗನ್ನು ಮುಟ್ಟುವುದಿಲ್ಲ. ಅದನ್ನು ನಂಬಿಕೊಂಡು ಹೋಗಬೇಡಿ. ನಿಮ್ಮ ಹಾಗೆ ನಾಲ್ಕು ಜನ, ಅದರಲ್ಲಿ ಇಬ್ಬರು ಹಿರಿಯರು ಇದ್ದರೆ, ನಾನು ಹೇಳುವುದು "8 ಗಂಟೆ 80 ಕಿ.ಮೀ." ಲೆಕ್ಕದ ಬಾಡಿಗೆ ಕಾರು. ಕ್ಯಾರಿಯರ್ ಇರುವ ದೊಡ್ಡ ಗಾಡಿಯನ್ನೇ ಕೇಳಿ. ಲಗೇಜು ಕಾರಿನಲ್ಲೇ ಇರುತ್ತದೆ, ಅಪ್ಪನ ಮಂಡಿಗೂ ಆರಾಮ, ಕೊನೆಗೆ ಅದೇ ಕಾರು ಏರ್‌ಪೋರ್ಟಿಗೆ ಬಿಡುತ್ತದೆ. ಆದರೆ ಕಾರು ಅಂದಮೇಲೆ ಮೂರೂವರೆಗೆ ಹೊರಡಬೇಕು, ನೆನಪಿರಲಿ. ಇಬ್ಬರೇ ಇದ್ದು, ಬೆನ್ನಿಗೆ ಒಂದೊಂದು ಬ್ಯಾಗ್ ಅಷ್ಟೇ ಆದರೆ ಮೆಟ್ರೊ. ಮಧ್ಯದವರು ಫೋರ್ಟ್ ಕಡೆ ಒಂದು ಲಾಡ್ಜಿನಲ್ಲಿ ಹಗಲು ಹೊತ್ತಿಗೆ ರೂಮ್ ಹಿಡಿದು, ಸ್ನಾನ ಮಾಡಿ, ಬ್ಯಾಗ್ ಅಲ್ಲೇ ಇಟ್ಟು ತಿರುಗಬಹುದು. ದೊಡ್ಡ ಪೆಟ್ಟಿಗೆಗಳನ್ನು ಮೆಟ್ರೊ ತಪಾಸಣೆಗೆ ತಳ್ಳಿಕೊಂಡು ಹೋಗಿ ವಾದ ಮಾಡಬೇಡಿ. ಸಂಜೆ ಐದರ ಮೇಲೆ ಲೋಕಲ್ ರೈಲಿಗಂತೂ ಲಗೇಜು ಸಮೇತ ಹತ್ತಲೇಬೇಡಿ. ನೀವು ಹತ್ತಿದರೂ ಸೂಟ್‌ಕೇಸ್ ಹತ್ತುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಬೋರ್ಡಿಂಗ್ ಪಾಸ್ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ, ಸುರಂಗದೊಳಗೆ ನೆಟ್‌ವರ್ಕ್ ನಂಬಬೇಡಿ. ಹಾಗೆಯೇ ಟಿಕೆಟ್ ತೆಗೆದು ಯಾವ ಏರ್‌ಪೋರ್ಟ್ ಅಂತ ಈಗಲೇ ನೋಡಿ. ತಮಾಷೆಗೆ ಹೇಳುತ್ತಿಲ್ಲ. 2025ರ ಡಿಸೆಂಬರಿನಿಂದ ನವಿ ಮುಂಬೈ ಏರ್‌ಪೋರ್ಟಿನಿಂದಲೂ ವಿಮಾನ ಹಾರುತ್ತಿದೆ. ಟಿಕೆಟ್‌ನಲ್ಲಿ ಬಿಒಎಂ ಅಂತ ಇದ್ದರೆ ಹಳೆಯದು, ಎನ್‌ಎಂಐ ಅಂತ ಇದ್ದರೆ ಹೊಸದು. ಹೊಸದಾದರೆ ಮೆಟ್ರೊ ಮರೆತು, ಶಿವಡಿಯಲ್ಲಿ ಅಟಲ್ ಸೇತುವೆ ಹತ್ತುವ ಟ್ಯಾಕ್ಸಿ ಹಿಡಿಯಿರಿ. ಹಳೆಯದಾದರೆ ಟರ್ಮಿನಲ್ ಒಂದೋ ಎರಡೋ ನೋಡಿಕೊಳ್ಳಿ, ಎರಡಕ್ಕೂ ಬೇರೆ ಬೇರೆ ಮೆಟ್ರೊ ನಿಲ್ದಾಣ.

ಇನ್ನು ನೋಡುವುದು. ಇದಕ್ಕೆ ಜಾಸ್ತಿ ಬರೆಯಲ್ಲ, ಯಾಕೆಂದರೆ ನೀವು ಇಳಿಯುವ ಜಾಗವೇ ನೋಡುವ ಜಾಗ. ಬ್ಯಾಲಾರ್ಡ್ ಪಿಯರ್‌ನ ಗೇಟು ದಾಟಿದರೆ ಬ್ಯಾಲಾರ್ಡ್ ಎಸ್ಟೇಟ್. ಆಟೊ ಹುಡುಕಬೇಡಿ, ದಕ್ಷಿಣ ಮುಂಬೈಗೆ ಆಟೊ ಬಿಡುವುದಿಲ್ಲ. ಕಪ್ಪು ಹಳದಿ ಟ್ಯಾಕ್ಸಿ, ಇಲ್ಲವಾದರೆ ಕಾಲು. ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಸೊಸೈಟಿಯ 30 ಮೆಟ್ಟಿಲು, ಫ್ಲೋರಾ ಫೌಂಟನ್, ಕಾಲಾ ಘೋಡಾ, ಕೊನೆಗೆ ಗೇಟ್‌ವೇ. ನಿಧಾನಕ್ಕೆ ನಡೆದರೂ ಎರಡು ಗಂಟೆ. ಬಿಸಿಲು ಏರಿದ ಮೇಲೆ ಶಿವಾಜಿ ವಸ್ತು ಸಂಗ್ರಹಾಲಯದ ಒಳಗೆ ಸೇರಿಕೊಳ್ಳಿ, ದಪ್ಪ ಕಲ್ಲಿನ ಗೋಡೆ, ತಣ್ಣಗಿರುತ್ತದೆ. ಆ ಕಟ್ಟಡ, ಗೇಟ್‌ವೇ, ಬ್ಯಾಲಾರ್ಡ್ ಎಸ್ಟೇಟ್ ಮೂರೂ ಜಾರ್ಜ್ ವಿಟೆಟ್ ಎಂಬ ಒಬ್ಬನೇ ವಾಸ್ತುಶಿಲ್ಪಿಯ ಕೆಲಸ. ಎಲಿಫೆಂಟಾ ಬೇಡ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಮೇಲೆ ಮೆಟ್ಟಿಲು, ಸೋಮವಾರ ರಜೆ. ನಾಲ್ಕು ದಿನ ಹಡಗಿನಲ್ಲಿ ಇದ್ದು ಬಂದವರಿಗೆ ಮತ್ತೆ ದೋಣಿ ಯಾಕೆ?

ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ಹಿಂದಿನವರು ಇದೇ ಕಟ್ಟೆಯ ಮೇಲೆ ಹಡಗಿಂದ ಇಳಿದು ಏನು ಮಾಡುತ್ತಿದ್ದರು?

ಬ್ಯಾಲಾರ್ಡ್ ಎಸ್ಟೇಟ್ ನಿಂತಿರುವ ನೆಲವೇ ಪಕ್ಕದ ಅಲೆಕ್ಸಾಂಡ್ರಾ ಡಾಕ್ ತೋಡಿದಾಗ ಬಂದ ಮಣ್ಣು. ಆ ಡಾಕ್ 1914ರಲ್ಲಿ ಆಯಿತು, ಈಗ ಅದರ ಹೆಸರು ಇಂದಿರಾ ಡಾಕ್. ಇಂಗ್ಲೆಂಡಿನಿಂದ ಟಪಾಲು ಹೊತ್ತ ಪಿ ಆ್ಯಂಡ್ ಓ ಕಂಪನಿಯ ಹಡಗು ಇಲ್ಲಿಗೇ ಬರುತ್ತಿತ್ತು. ಪಕ್ಕದಲ್ಲೇ ಬ್ಯಾಲಾರ್ಡ್ ಪಿಯರ್ ಮೋಲ್ ಅನ್ನುವ ರೈಲು ನಿಲ್ದಾಣ. 1928ರಲ್ಲಿ ಫ್ರಾಂಟಿಯರ್ ಮೇಲ್ ಶುರುವಾದಾಗ ಅದು ಇಲ್ಲಿಂದಲೇ ಪೇಶಾವರಕ್ಕೆ ಹೊರಡುತ್ತಿತ್ತು. ಸಾಹೇಬ ಹಡಗು ಇಳಿದ, ಹತ್ತು ಹೆಜ್ಜೆ ನಡೆದ, ರೈಲು ಹತ್ತಿದ. ಲಗೇಜು ಕೂಲಿಯ ತಲೆ ಮೇಲೆ. ಬಿಡುವಿನ ಗಂಟೆ ಅನ್ನುವುದೇ ಇಲ್ಲ, ಮುಂಬೈ ನೋಡುವ ಗೋಜೂ ಇಲ್ಲ. "ನೇರ ಏರ್‌ಪೋರ್ಟಿಗೆ" ಅನ್ನುವವರ ಪೂರ್ವಜ ಅವನೇ ಇರಬೇಕು.

ನಮ್ಮ ಕರಾವಳಿಯವರ ಕತೆ ಬೇರೆ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೂ ಬಹಳ ಮೊದಲು, ಮಂಗಳೂರು, ಕಾರವಾರದ ಕಡೆಯ ಹುಡುಗರು ಸ್ಟೀಮರಿನಲ್ಲಿ ಮುಂಬೈಗೆ ಬಂದಿಳಿಯುತ್ತಿದ್ದರು. ಅವರಿಗೆ ಮುಂದೆ ಹಿಡಿಯಬೇಕಾದ ರೈಲು ಇರಲಿಲ್ಲ. ಕೈಯಲ್ಲೊಂದು ಟ್ರಂಕು, ಜೇಬಿನಲ್ಲಿ ಊರಿನವರೊಬ್ಬರ ವಿಳಾಸ, ಮಾರನೇ ದಿನದಿಂದ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಹಾಗೆ ಬಂದವರಿಂದಲೇ ಮುಂಬೈಗೆ ಇಡ್ಲಿ ದೋಸೆ ಅಭ್ಯಾಸವಾದದ್ದು. ಮಾಟುಂಗಾದಲ್ಲಿ ಅದರ ಗುರುತು ಈಗಲೂ ಇದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ರೈಲ್ವೆ ನಿಲ್ದಾಣಕ್ಕೆ ಅಂಟಿಕೊಂಡಿದೆ.

ನಾನಾದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತೇನೆ. ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್‌ನಲ್ಲಿ ಎಂಟನೇ ನಿಲ್ದಾಣ ಎಣಿಸಿ ಇಳಿಯುವುದು, ಹನ್ನೆರಡರ ಹೊತ್ತಿಗೆ ಲೋಕಲ್ ಖಾಲಿ ಇರುತ್ತದೆ. ಮಾರ್ಕೆಟ್ ಕಟ್ಟಡದ ಮೆಟ್ಟಿಲು ಹತ್ತುವಾಗಲೇ ಸಾರಿನ ಒಗ್ಗರಣೆ ಮೂಗಿಗೆ ಬಡಿಯುತ್ತದೆ. ಮೊದಲು ಕೂಪನ್, ಆಮೇಲೆ ಎಲೆ. ಅಡುಗೆಮನೆ ನೋಡಬೇಕೆಂದರೆ ಒಳಗೆ ಬಂದು ನೋಡಿ ಅನ್ನುತ್ತಾರೆ, ಅದಕ್ಕೇ ಹೆಸರಾದ ಜಾಗ. ಅಲ್ಲಿಂದ ಏರ್‌ಪೋರ್ಟಿಗೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಹಗುರ ಬ್ಯಾಗ್ ಇದ್ದವರು ಲೋಕಲ್‌ನಲ್ಲೇ ಮುಂದೆ ಘಾಟ್‌ಕೋಪರ್‌ಗೆ ಹೋಗಿ, ಒಂದನೇ ಲೈನ್ ಮೆಟ್ರೊ ಹಿಡಿದು ಮರೋಳ್ ನಾಕಾದಲ್ಲಿ ಬದಲಿಸಿದರೆ ಟರ್ಮಿನಲ್ ಎರಡು ಮುಂದಿನ ನಿಲ್ದಾಣ. ನಿಮ್ಮ ಹಾಗೆ ಕಾರಿನವರು ಊಟ ಮುಗಿಸಿ ಅಲ್ಲಿಂದಲೇ ಸಯಾನ್ ಕಡೆ ತಿರುಗಬಹುದು, ಮತ್ತೆ ಫೋರ್ಟ್‌ಗೆ ಹೋಗುವ ಕೆಲಸವೇ ಇಲ್ಲ.

ಒಂದೂವರೆಯೊಳಗೆ ಹೋಗಿ, ತಡವಾದರೆ ಸಾಲು ಮೆಟ್ಟಿಲವರೆಗೂ ಬರುತ್ತದೆ. ಸೋಮವಾರ ಇದಕ್ಕೂ ರಜೆ.