ಮಗು ತಿನ್ನಲ್ಲ ಅನ್ನುವ ಮನೆಯ ಹಾಲಿನ ಲೆಕ್ಕ

"ಡಾಕ್ಟ್ರೇ, ಏನೂ ತಿನ್ನಲ್ಲ. ಬರೀ ಹಾಲಿನ ಮೇಲೇ ಇದೆ. ಹಸಿವಾಗೋಕೆ ಒಂದು ಟಾನಿಕ್ ಬರೆದುಕೊಡಿ." ಬೆಂಗಳೂರಿನ ಯಾವ ಮಕ್ಕಳ ವೈದ್ಯರನ್ನು ಕೇಳಿದರೂ ಈ ಮಾತನ್ನು ಇದೇ ಕ್ರಮದಲ್ಲಿ ಕೇಳಿರುತ್ತಾರೆ. ತೊಂದರೆಯ ಕಾರಣ ಎರಡನೆಯ ವಾಕ್ಯದಲ್ಲೇ ಇದೆ, ಆದರೆ ತಂದೆತಾಯಿಯ ಕಣ್ಣು ಮೂರನೆಯದರ ಮೇಲಿರುತ್ತದೆ.

ಎರಡೂವರೆ ವರ್ಷದ, ಹನ್ನೆರಡು ಕಿಲೋ ಆಸುಪಾಸಿನ ಮಗುವಿನ ಒಂದು ದಿನ ನೋಡೋಣ. ಹಲವು ಮನೆಗಳ ದಿನಚರಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಬೆಳಗ್ಗೆ ಏಳಕ್ಕೆ ನೀಲಿ ಪ್ಯಾಕೆಟ್ಟಿನ ಹಾಲು 200 ಮಿ.ಲೀ., ಎರಡು ಚಮಚ ಸಕ್ಕರೆ: ಸುಮಾರು 160 ಕ್ಯಾಲೊರಿ. ಒಂಬತ್ತಕ್ಕೆ ದೋಸೆ, ಎರಡು ತುತ್ತಿಗೆ ಮುಖ ತಿರುಗಿಸುತ್ತದೆ. ಹತ್ತೂವರೆಗೆ ನಾಲ್ಕು ಮಾರಿ ಬಿಸ್ಕತ್ತು, 100. ಹನ್ನೆರಡಕ್ಕೆ ಒಂದು ಏಲಕ್ಕಿ ಬಾಳೆಹಣ್ಣು, 55. ಒಂದೂವರೆಗೆ ಊಟ: ಮೊಬೈಲು, ಬಾಲ್ಕನಿ, ಕಾಗೆ, ಬೆದರಿಕೆ, ಮುಕ್ಕಾಲು ಗಂಟೆ, ಮೂರು ತುತ್ತು. ನಾಲ್ಕಕ್ಕೆ ಮತ್ತೆ 200 ಮಿ.ಲೀ. ಹಾಲು, ಚಾಕೊಲೇಟ್-ಮಾಲ್ಟಿನ ಡಬ್ಬಿಯ ಪುಡಿ ಬೆರೆಸಿ, 165. ಐದೂವರೆಗೆ ಪಾರ್ಕಿನಲ್ಲಿ ಪ್ಯಾಕೆಟ್ ಜ್ಯೂಸು, 85. ಆರೂವರೆಗೆ ಬೇಕರಿ ರಸ್ಕು ಎರಡು, 80. ಎಂಟೂವರೆಗೆ ಅನ್ನ-ಸಾರು ಬೇಡ. ಒಂಬತ್ತೂವರೆಗೆ, "ಹಸಿದುಕೊಂಡು ಮಲಗಬಾರದು" ಅಂತ ಬಾಟಲಿಯಲ್ಲಿ 250 ಮಿ.ಲೀ. ಸಕ್ಕರೆ ಹಾಕಿದ ಹಾಲು, 190.

ಕೂಡಿ: 835. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಕ್ಯಾಲೊರಿ. ಬಿಸ್ಕತ್ತಿನ ಗಾತ್ರ, ಸಕ್ಕರೆಯ ಚಮಚ ಮನೆಯಿಂದ ಮನೆಗೆ ಬದಲಾಗುವುದರಿಂದ ಅಂಕಿಗಳು ಹತ್ತಿಪ್ಪತ್ತು ಆಚೀಚೆ ಆಗಬಹುದು. ಆದರೂ ದೋಸೆ, ಅನ್ನ, ಸಾರು, ಪಲ್ಯ, ಮೊಟ್ಟೆ ಎಲ್ಲಕ್ಕೂ ಸೇರಿ ಉಳಿದಿರುವುದು 165. ಮಗು ತಿಂದ ಐದು ತುತ್ತು ಅದರೊಳಗೇ ಬರುತ್ತದೆ. ಅದರ ಹೊಟ್ಟೆ ಸರಿಯಾಗಿಯೇ ಲೆಕ್ಕ ಇಟ್ಟಿದೆ.

ಇಲ್ಲಿಗೆ ಹೆಚ್ಚಿನವರು ತಲೆಯಾಡಿಸುತ್ತಾರೆ. ತಲೆಗೆ ಹೋಗದಿರುವುದು ಮುಂದಿನ ಮಾತು. ಪ್ರಮಾಣಕ್ಕಿಂತ ದೊಡ್ಡ ತೊಂದರೆ ಅಂತರದ್ದು. ಮೇಲಿನ ಪಟ್ಟಿಯಲ್ಲಿ ಒಂಬತ್ತು ಸಲ ಬಾಯಿಗೆ ಏನೋ ಬಿದ್ದಿದೆ. ಹಗಲಿನ ಅತಿ ದೊಡ್ಡ ಬಿಡುವು ಎರಡೂವರೆ ಗಂಟೆ, ಅದೂ ಒಂದೇ ಸಲ. ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಇರುವುದರಿಂದ ಅದು ನೀರಿನಂತೆ ಹೊಟ್ಟೆಯಿಂದ ಬೇಗ ಇಳಿದುಹೋಗುವುದಿಲ್ಲ. ಸಣ್ಣ ಮಗುವಿಗೆ 200 ಮಿ.ಲೀ. ಹಾಲು ಒಂದು ಊಟಕ್ಕೆ ಸಮ. ಹಸಿವು ಹುಟ್ಟಿ, ಬೆಳೆದು, "ಅಮ್ಮಾ ಊಟ" ಅನ್ನಿಸುವುದಕ್ಕೆ ಎರಡೂವರೆಯಿಂದ ಮೂರು ಗಂಟೆ ಬೇಕು. ಆ ಹೊತ್ತಿನಲ್ಲಿ ನೀರು ಮಾತ್ರ. ಒಂದೇ ಬಿಸ್ಕತ್ತು, ಒಂದು ಗುಟುಕು ಜ್ಯೂಸು, ಎರಡು ಚಿಪ್ಸು ಕೂಡ ಬೇಡ. "ಒಂದೇ ತಾನೇ" ಅನ್ನುವ ಆ ಒಂದು ಬಿಸ್ಕತ್ತಿನಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಊಟಕ್ಕೆ ಅರ್ಧ ಗಂಟೆ ಮೊದಲು ಎದ್ದಿದ್ದ ಹಸಿವು ಅಷ್ಟಕ್ಕೇ ತಣ್ಣಗಾಗುತ್ತದೆ. ತಟ್ಟೆ ಬರುವ ಹೊತ್ತಿಗೆ ಮಗುವಿಗೆ ಆಟ ಬೇಕು.

ಹಾಲಿನ ಎರಡನೆಯ ಅನ್ಯಾಯ ಕಬ್ಬಿಣದಂಶದ್ದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 8 ಮಿ.ಗ್ರಾಂ ಕಬ್ಬಿಣ ಬೇಕು. ಮೇಲಿನ ಮಗು ಕುಡಿದ 650 ಮಿ.ಲೀ. ಹಾಲಿನಲ್ಲಿ 1 ಮಿ.ಗ್ರಾಂ ಸಿಗುವುದೂ ಕಷ್ಟ. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ ಬೇರೆ ಆಹಾರದಲ್ಲಿರುವ ಕಬ್ಬಿಣವನ್ನೂ ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ರಕ್ತ ಕಡಿಮೆಯಾದಾಗ ಹಸಿವೂ ಕುಗ್ಗುತ್ತದೆ, ಆಗ ಮಗು ಇನ್ನಷ್ಟು ಹಾಲಿಗೇ ಅಂಟಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಬಡತನ ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಫ್ರಿಜ್ಜಿನ ತುಂಬ ಹಣ್ಣು-ಮೊಟ್ಟೆ ಇರುವ ಅಪಾರ್ಟ್‌ಮೆಂಟಿನ ಮಕ್ಕಳೂ ಬಿಳಿಚಿಕೊಂಡು ಬರುತ್ತಾರೆ, ಕಾರಣ ಹಾಲು. ಹಾಲು ಹೆಚ್ಚಾಗಿ ಸೊಪ್ಪು-ಕಾಳು ಕಡಿಮೆಯಾದರೆ ಮಲಬದ್ಧತೆಯೂ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಅಳುತ್ತಾ ಕಕ್ಕ ಮಾಡುವ ಮಗುವಿಗೆ ಊಟ ಸೇರುವುದಾದರೂ ಹೇಗೆ?

ಹಾಗಂತ ಹಾಲು ಶತ್ರುವಲ್ಲ. ವರ್ಷ ತುಂಬಿದ ಮೇಲೆ ದಿನಕ್ಕೆ 300ರಿಂದ 400 ಮಿ.ಲೀ. ಸಾಕು, ಮೊಸರನ್ನೂ ಸೇರಿಸಿ. ಅದೂ ತಿಂಡಿಯ ಜೊತೆಗೆ ಅಥವಾ ತಿಂದ ಮೇಲೆ, ಲೋಟದಲ್ಲಿ. ಈಗ 650 ಕುಡಿಯುವ ಮಗುವಿಗೆ ಒಂದೇ ದಿನ ಕತ್ತರಿ ಹಾಕಬೇಡಿ. ಎರಡು ದಿನಕ್ಕೊಮ್ಮೆ 30 ಮಿ.ಲೀ. ಇಳಿಸುತ್ತಾ ಬನ್ನಿ, ರಾತ್ರಿಯ ಬಾಟಲಿಯಿಂದ ಶುರುಮಾಡಿ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳ ಮುಂದಿನ ಹಲ್ಲುಗಳು ಹುಳುಕಾಗುವುದು ಇನ್ನೊಂದು ಕಾರಣ. ಡಬ್ಬಿಯ ಪುಡಿ ನಿಲ್ಲಿಸಿದರೆ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ.

ಇನ್ನು ವೇಳೆ. ಎಂಟಕ್ಕೆ ತಿಂಡಿ, ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ನಾಲ್ಕಕ್ಕೆ ಹಾಲು ಮತ್ತು ಗಟ್ಟಿಯಾದ ಏನಾದರೂ, ಏಳೂವರೆಗೆ ರಾತ್ರಿ ಊಟ. ನಿಮ್ಮ ಮನೆಗೆ ಹೊಂದುವಂತೆ ಅರ್ಧ ಗಂಟೆ ಹಿಂದೆಮುಂದೆ ಮಾಡಿಕೊಳ್ಳಿ, ನಡುವಿನ ಬಿಡುವು ಮಾತ್ರ ಕಾಯ್ದುಕೊಳ್ಳಿ. ಏಳೂವರೆಗೆ ಸ್ಕೂಲ್ ವ್ಯಾನ್ ಬರುವ ಮನೆಗಳಲ್ಲಿ ನಿದ್ದೆಗಣ್ಣಿನ ಮಗುವಿಗೆ ಇಡ್ಲಿ ತುರುಕಬೇಡಿ, ಸಿಲ್ಕ್ ಬೋರ್ಡ್ ದಾಟುವ ಮೊದಲೇ ವಾಂತಿಯಾಗುತ್ತದೆ. ಎರಡು ತುತ್ತು ತಿಂದರೆ ಸಾಕು. ಆ ದಿನದ ನಿಜವಾದ ತಿಂಡಿ ಡಬ್ಬದಲ್ಲಿರಲಿ: ತುಪ್ಪ-ಚಟ್ನಿಪುಡಿ ಸವರಿದ ಒಂದು ಇಡ್ಲಿ ತುಂಡು ಮಾಡಿ, ಅಥವಾ ಸಬ್ಬಸಿಗೆ ಸೊಪ್ಪು ಹಾಕಿದ ಅಂಗೈಯಗಲದ ಅಕ್ಕಿರೊಟ್ಟಿ. ದೊಡ್ಡ ಡಬ್ಬ ತುಂಬಿಸಿ ಕಳಿಸಿದರೆ ಅದು ಹಾಗೇ ವಾಪಸ್ ಬರುತ್ತದೆ, ನಿಮ್ಮ ಮನಸ್ಸು ಕೆಡುತ್ತದೆ.

ತಟ್ಟೆಗೂ ಇದೇ ಮಾತು. ಎರಡು ವರ್ಷದ ಮಗುವಿಗೆ ಮೊದಲು ಎರಡು ದೊಡ್ಡ ಚಮಚ ಅನ್ನ, ಒಂದೆರಡು ಚಮಚ ಗಟ್ಟಿ ಬೇಳೆ ಅಥವಾ ಕಾಳು, ಒಂದು ಚಮಚ ಪಲ್ಯ, ಅರ್ಧ ಚಮಚ ತುಪ್ಪ. ಕೇಳಿದರೆ ಮತ್ತೆ ಬಡಿಸಿ. ತಿಳಿಸಾರಿನ ನೀರಿನಲ್ಲಿ ಅನ್ನ ಕಲಸಿದರೆ ಹೊಟ್ಟೆ ನೀರಿನಿಂದ ತುಂಬುತ್ತದೆ, ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಸೊಪ್ಪಿನ ಹುಳಿಗೋ ಕಾಳಿನ ಪಲ್ಯಕ್ಕೋ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಚೆನ್ನಾಗಿ ಒಗ್ಗುತ್ತದೆ. ಕಡಲೆಕಾಯಿ ಬೀಜವನ್ನು ಪುಡಿ ಮಾಡಿಯೇ ಕೊಡಿ, ಇಡೀ ಬೀಜ ಶ್ವಾಸನಾಳಕ್ಕೆ ಜಾರಬಹುದು.

ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಆಮೇಲೆ ತಟ್ಟೆ ಎತ್ತಿಬಿಡಿ. ಬೈಗುಳ ಬೇಡ, "ಅಯ್ಯೋ ಕಂದ, ಒಂದೇ ತುತ್ತು" ಕೂಡ ಬೇಡ. ಯೋಜನೆ ಕೆಡುವುದು ನಿಖರವಾಗಿ ಇಲ್ಲಿ. ಒಂದೂವರೆಗೆ ಊಟ ಬೇಡವೆಂದ ಮಗುವಿಗೆ ಎರಡು ಗಂಟೆಗೆ ಅಜ್ಜಿ ಮರುಗಿ ರಸ್ಕು ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ಅವರನ್ನು ದೂರಬೇಡಿ. ಆದರೆ ಮಗು ಆ ಹೊತ್ತಿನಲ್ಲಿ ಕಲಿತದ್ದು ಒಂದೇ: ಅನ್ನ ಬೇಡವೆಂದರೆ ರಸ್ಕು ಬರುತ್ತದೆ. ಎರಡು ದಿನಕ್ಕೆ ಅದು ನಿಯಮವಾಗುತ್ತದೆ. ಶುರುಮಾಡುವ ಮೊದಲೇ ಅಜ್ಜಿ, ತಾತ, ಕೆಲಸದವರು, ಡೇ ಕೇರ್ ಆಂಟಿ ಎಲ್ಲರಿಗೂ ಹೇಳಿ ಒಪ್ಪಿಸಿಕೊಳ್ಳಿ. ರಸ್ಕು ಕೊಡುವ ಸಂತೋಷ ಅಜ್ಜಿಗೇ ಇರಲಿ, ನಾಲ್ಕು ಗಂಟೆಗೆ, ರಸ್ಕಿನ ಬದಲು ಎಳ್ಳುಂಡೆ ಅಥವಾ ಬೇಯಿಸಿದ ಗೆಣಸು. ಮೊದಲ ಮೂರು ದಿನ ರಂಪ ನಿಶ್ಚಿತ. ಸಾಮಾನ್ಯವಾಗಿ ವಾರ–ಹತ್ತು ದಿನದಲ್ಲಿ ಮಗು ತಾನಾಗಿ ತಟ್ಟೆಯ ಹತ್ತಿರ ಬರುತ್ತದೆ. ಹೊಸ ತರಕಾರಿ ಒಗ್ಗಲು ಇನ್ನೂ ತಾಳ್ಮೆ ಬೇಕು. ಹತ್ತು-ಹದಿನೈದು ಸಲ ಕಂಡ ಮೇಲೆ ಬಾಯಿಗಿಡುವ ಮಕ್ಕಳು ಬಹಳ. ಒತ್ತಾಯಿಸದೆ ಒಂದು ತುಂಡು ತಟ್ಟೆಯ ಅಂಚಿನಲ್ಲಿಡುತ್ತಿರಿ.

ಮೊಬೈಲ್ ಹಿಡಿದು ತಿನ್ನಿಸಿದರೆ ಮಗು ನುಂಗುತ್ತದೆ, ಆದರೆ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯುವುದಿಲ್ಲ. ಇಲ್ಲವೇ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತದೆ. ತೆಗೆದುಬಿಡಿ.

ಒಂದು ವರ್ಷದವರೆಗೆ ಮೂರು ಕಿಲೋದಿಂದ ಒಂಬತ್ತು ಕಿಲೋಗೆ ಜಿಗಿದ ಮಗು ಎರಡನೆಯ ವರ್ಷದಲ್ಲಿ ಬರೀ ಎರಡು–ಎರಡೂವರೆ ಕಿಲೋ ಹೆಚ್ಚುತ್ತದೆ, ಆಮೇಲೆ ವರ್ಷಕ್ಕೆ ಸುಮಾರು ಎರಡು. ಬೆಳವಣಿಗೆ ನಿಧಾನವಾದಾಗ ಹಸಿವು ಇಳಿಯುವುದು ಸಹಜ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆ ನಕ್ಷೆಯ ಗೆರೆಯಲ್ಲಿ ತೂಕ ತನ್ನ ದಾರಿಯಲ್ಲೇ ಸಾಗುತ್ತಿದ್ದರೆ ಪಕ್ಕದ ಮನೆಯ ಮಗುವಿನ ಕೆನ್ನೆ ನೋಡಬೇಡಿ. ಅಂಗಡಿಯಿಂದ ನೇರವಾಗಿ ತರುವ ಹಸಿವಿನ ಸಿರಪ್ಪುಗಳಲ್ಲಿ ಕೆಲವು ಮಗುವನ್ನು ಮಂಕಾಗಿಸಿ ನಿದ್ದೆಗೆ ಹಾಕುತ್ತವೆ, ವೈದ್ಯರು ಬರೆಯದೆ ಕೊಡಬೇಡಿ.

ಮೇಲೆ ಹೇಳಿದ್ದು ವರ್ಷ ತುಂಬಿದ, ಬೇರೆ ಕಾಯಿಲೆ ಇಲ್ಲದ ಮಕ್ಕಳಿಗೆ. ತೂಕ ಇಳಿಯುತ್ತಿದ್ದರೆ, ಮೂರು ತಿಂಗಳಿಂದ ಏರದೇ ನಿಂತಿದ್ದರೆ, ತಿನ್ನುವಾಗ ಕೆಮ್ಮು ಬಂದರೆ, ಗಂಟಲಲ್ಲಿ ಸಿಕ್ಕಿಕೊಂಡರೆ, ಪದೇ ಪದೇ ವಾಂತಿ-ಭೇದಿಯಾದರೆ, ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ಮುಟ್ಟದಿದ್ದರೆ ಮೊದಲು ತೋರಿಸಿ. ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಗುವಿಗೆ ರಕ್ತಪರೀಕ್ಷೆ ಆಗಲೇಬೇಕು. ಬರುವಾಗ ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಒಂದು ಹಾಳೆಯಲ್ಲಿ ಬರೆದು ತನ್ನಿ, ಹಾಲು ಎಷ್ಟು ಮಿ.ಲೀ. ಎಂದು ಅಳೆದು.